ಬೆಂದ ಮೊಟ್ಟೆ

ಅಂಗಳದ ಅಂಚಿನಲ್ಲಿಟ್ಟ ಮೊಟ್ಟೆಯ ಮೇಲೆ ಲಾಮುನು ಕಾಲಿಟ್ಟಳು. ಮೊಟ್ಟೆ ಒಡೆಯಲಿಲ್ಲ, ಚಪ್ಪಟೆಯಾಗಿ ಪಕ್ಕಕ್ಕೆ ಜಾರಿತು. ಬಿರಿದ ಸಿಪ್ಪೆಯೊಳಗಿಂದ ಹಳದಿ ಉಂಡೆ ಇಣುಕಿತು.

"ದೊಡ್ಡಪ್ಪಾ, ಇದು ಬೆಂದದ್ದು."

ಒಬಿತಾ ತಲೆ ಕೆರೆದುಕೊಂಡ. ಹನ್ನೆರಡು ವರ್ಷ ನಿರಾಶ್ರಿತರ ಶಿಬಿರದಲ್ಲಿದ್ದವನಿಗೆ ಮೊಟ್ಟೆಯೆಂದರೆ ಗುಲು ಪೇಟೆಯ ಬಸ್ ನಿಲ್ದಾಣದಲ್ಲಿ ಬೇಯಿಸಿ ಮಾರುವಂಥದ್ದೇ. "ಮಾರೋನು ಉಪ್ಪಿನ ಪೊಟ್ಟಣಾನೂ ಕೊಟ್ಟ ಕಣೆ. ಆಗ್ಲೇ ಹೊಳೀಬೇಕಿತ್ತು. ಹೋಗ್ಲಿ ಬಿಡು, ಈ ಸೀಮೇಲಿ ಬೇಯದೆ ಉಳಿದಿರೋದಾದ್ರೂ ಏನಿದೆ?"

ನೆರೆದವರು ನಕ್ಕರು. ಲಾಮುನು ನಗಲಿಲ್ಲ. ಹತ್ತನೇ ವಯಸ್ಸಿನಲ್ಲಿ ಬಂಡುಕೋರರು ಎಳೆದೊಯ್ದಿದ್ದವಳು ಇಪ್ಪತ್ತಕ್ಕೆ ಮರಳಿದ್ದಳು. ಊರ ಪದ್ಧತಿಯಂತೆ, ಮರಳಿದವರು ಹಸಿ ಮೊಟ್ಟೆ ತುಳಿದು ಒಡೆದರೆ ಕಾಡಿನಲ್ಲಿ ಮಾಡಿದ್ದೆಲ್ಲ ಅಂಗಳದ ಹೊರಗೇ ಉಳಿಯುತ್ತದೆ; ಮೊಟ್ಟೆಗೆ ಬಾಯಿಲ್ಲ, ಪಾಪವೆಂಬುದು ಗೊತ್ತಿಲ್ಲ. ಬೆಂದದ್ದು ನಡೆಯದು.

"ನಾಳೆ ಇನ್ನೊಂದು ತರ್ತೀನಿ," ಎಂದ ಒಬಿತಾ.

"ಅಲ್ಲೀತನಕ ಎಲ್ಲಿರ್ಲಿ?" ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದಳು. "ಬೇಡ ಅಂತಿದ್ರೆ ಈಗ್ಲೇ ಹೇಳ್ಬಿಡಿ. ದಾರಿ ಗೊತ್ತು ನಂಗೆ."

ಶಿಬಿರದಿಂದ ಜನ ಊರಿಗೆ ಮರಳಿ ಮೂರೇ ತಿಂಗಳು. ಊರಲ್ಲಿ ಇದ್ದ ಕೋಳಿ ಒಂದೇ, ಪಕ್ಕದ ಮನೆಯ ಅಯುಗಿಯದು. ಅದೂ ಕಾವಿಗೆ ಕೂತಿತ್ತು. ಅಯುಗಿಯ ಮಗನನ್ನು ಕಡಿದು ಕೊಂದ ತಂಡದಲ್ಲಿ ಲಾಮುನುವೂ ಇದ್ದಳೆಂದು ಎಲ್ಲರೂ ಬಲ್ಲರು. ಮೊಟ್ಟೆಗೆ ಬಾಯಿಲ್ಲ, ಈಗ ಊರಿಗೂ ಇರಲಿಲ್ಲ.

ಬೇಲಿಯಾಚೆ ನಿಂತಿದ್ದ ಅಯುಗಿಯೇ ಬಾಯಿಬಿಟ್ಟಳು, ಶಿಬಿರದಲ್ಲಿ ಪಡಿ ಹಂಚುತ್ತಿದ್ದ ಗುಮಾಸ್ತನ ಮೂಗುದನಿಯಲ್ಲಿ: "ಕಾರ್ಡ್ ಇರೋರು ಸಾಲಲ್ಲಿ ನಿಲ್ರಿ! ಇಲ್ದಿರೋರು ನಾಳೆ ಬನ್ರಿ!"

ಯಾರೂ ನಗಲಿಲ್ಲ. ಅಯುಗಿ ತನ್ನ ಗುಡಿಸಲಿಗೆ ಹೋದಳು. ಕೋಳಿ ಅರಚಿತು, ರೆಕ್ಕೆ ಬಡಿಯಿತು. ಹೊರಬಂದಾಗ ಮುಂಗೈಯಲ್ಲಿ ಕುಕ್ಕಿದ ಗಾಯ, ಅಂಗೈಯಲ್ಲಿ ಮೊಟ್ಟೆ.

"ಕಾವಿಗೆ ಕೂತು ಒಂದೇ ದಿನ. ಹಸೀದೇ."

ಲಾಮುನು ಕೈ ಚಾಚಿದಳು. ಅಯುಗಿ ಆ ಕೈಯನ್ನು ನೋಡಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಮೊಟ್ಟೆಯನ್ನು ನೆಲಕ್ಕಿಟ್ಟಳು. ಇಳಿಜಾರು. ಅದು ಉರುಳತೊಡಗಿತು. ಎರಡು ಬೆರಳಿನಿಂದ ತಡೆಹಿಡಿದಳು.

"ತುಳಿ."

"ಕೈ ತೆಗೀರಿ, ಚಿಕ್ಕಮ್ಮ."

"ತೆಗೆದ್ರೆ ಓಡತ್ತೆ. ಓಡೋದನ್ನ ಹಿಡಿಯೋಕೆ ನಂಗೆ ವಯಸ್ಸಿಲ್ಲ. ತುಳಿ ಅಂದೆ."

ಲಾಮುನು ಹಿಮ್ಮಡಿಯೂರಿ, ನಿಧಾನವಾಗಿ, ಬಲು ನಿಧಾನವಾಗಿ ಪಾದ ಇಳಿಸಿದಳು. ಸಣ್ಣಗೆ ಚಟ್ ಎಂದಿತು. ಬೆಚ್ಚಗಿನ ಲೋಳೆ ಅವಳ ಕಾಲ್ಬೆರಳ ಸಂದಿನಿಂದ ಉಕ್ಕಿ ಅಯುಗಿಯ ಕೈಬೆರಳಿಗೆ ಹರಿಯಿತು. ಕಾಲನ್ನು ಇವಳೂ ಎತ್ತಲಿಲ್ಲ, ಕೈಯನ್ನು ಅವಳೂ ಎಳೆದುಕೊಳ್ಳಲಿಲ್ಲ.