ಮೌಸ್ ಕಾಯುತ್ತಿದ್ದ ಮಾವ

ಸೊಸೆಯ ಕಸೂತಿ ಯಂತ್ರಕ್ಕೆ ಜೋಡಿಸಿದ್ದ ಕಂಪ್ಯೂಟರ್ ಅನ್ನು ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಅದು ಮಲಗಿಬಿಡುತ್ತಿತ್ತು. ಆಗ ಯಂತ್ರವೂ ನಿಂತು, ಅರ್ಧ ಹೊಲಿದ ಶಾಲೆಯ ಬ್ಯಾಡ್ಜ್ ಹಾಳಾಗುತ್ತಿತ್ತು. ಅವಳು ಬಟ್ಟೆ ಕತ್ತರಿಸುವುದರಲ್ಲಿ ಮುಳುಗಿರುತ್ತಿದ್ದಳು, ಅದಕ್ಕೇ ಮೂರು ತಿಂಗಳಿಂದ ಮಧ್ಯಾಹ್ನವೆಲ್ಲ ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಆಗಾಗ ಮೌಸ್ ಅಲುಗಾಡಿಸುತ್ತಿದ್ದರು. ಕೂತವರು ಸುಮ್ಮನಿರುತ್ತಿರಲಿಲ್ಲ. ದಾರದ ಬಣ್ಣದಿಂದ ಹಿಡಿದು ಸೊಸೆ ಕತ್ತರಿ ಹಿಡಿಯುವ ರೀತಿಯವರೆಗೆ ಎಲ್ಲಕ್ಕೂ ಕೊಂಕು ತೆಗೆಯುತ್ತಿದ್ದರು. ಕೇಳಿ ಕೇಳಿ ಅವಳಿಗೆ ಸಾಕುಸಾಕಾಗಿತ್ತು.

ಇವತ್ತು ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿಡಲು ಬಂದ ಮೆಕ್ಯಾನಿಕ್ ಇದನ್ನು ಕೇಳಿ ನಕ್ಕುಬಿಟ್ಟ. "ಅಕ್ಕಾ, ಇದಕ್ಕೂ ಒಬ್ಬರನ್ನ ಕಾವಲು ಕೂರಿಸಿದೀರಾ?" ಎಂದು ಸೆಟ್ಟಿಂಗ್ಸ್ ತೆರೆದು, ಅದು ಎಂದೂ ಮಲಗದಂತೆ ಮಾಡಿ ಹೋದ.

ಆದರೆ ಮಾವನಿಗೆ ಹೇಳುವುದು ಹೇಗೆ? ನಿವೃತ್ತಿಯಾದ ಮೇಲೆ ಅವರಿಗಿದ್ದದ್ದು ಇದೊಂದೇ ಕೆಲಸ. ಊಟ ಮುಗಿಸಿ ಅವರು ಎಂದಿನಂತೆ ಬಂದು ಕೂತರು, ಮೌಸ್ ಅಲುಗಾಡಿಸಿದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಮಾವ, ಇನ್ಮೇಲೆ ನೀವು ಕೂರೋದು ಬೇಡ. ಇದು ಮಲಗದ ಹಾಗೆ ಬೆಳಿಗ್ಗೆನೇ ಸರಿಮಾಡಿಸಿದೆ. ಬೇಜಾರು ಮಾಡ್ಕೋತೀರೇನೋ ಅಂತ ಹೇಳಲಿಲ್ಲ."

"ಬೇಜಾರಾ? ಮೂರು ತಿಂಗಳಿಂದ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿಲ್ಲ ಕಣಮ್ಮ. ನಿನ್ನ ಕೆಲಸ ಕೆಡುತ್ತಲ್ಲ ಅಂತ ಸೊಂಟ ಹಿಡ್ಕೊಂಡು ಕೂತಿದ್ದೆ. ನಿದ್ದೆ ತಡೆಯೋಕೇ ತಾನೇ ಅಷ್ಟೆಲ್ಲ ಮಾತಾಡ್ತಿದ್ದಿದ್ದು."

ಮಾವ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಸೊಸೆ ಅವರ ಕೋಣೆಯ ಬಾಗಿಲು ಮುಂದೆ ಮಾಡಿ, ಬಂದು ಖಾಲಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ಈ ಬ್ಯಾಡ್ಜ್ ಮುಗಿಯಲು ಇನ್ನೂ ಹನ್ನೆರಡು ನಿಮಿಷವಿತ್ತು.