ದಿನಕ್ಕೊಂದು ಮೊಳ

ಬೆಳ್ಳಿಯನ್ನು ಮಣ್ಣಿನಡಿಯಿಂದ ಎಳೆದಾಗ ಅವಳ ಬಾಯಿ ತುಂಬ ಕೆಸರಿತ್ತು, ಉಸಿರಿರಲಿಲ್ಲ. ಬೆಳಿಗ್ಗೆ ತಾನೇ ಜೊತೆ ಕೂಲಿಯವಳಾದ ಚಿಕ್ಕಿಯೊಂದಿಗೆ ಎಲೆಅಡಿಕೆ ಹಂಚಿಕೊಂಡಿದ್ದ ಬಾಯಿ. ಚಿಕ್ಕಿ ಅದನ್ನು ಸೆರಗಿನಿಂದ ಒರೆಸುತ್ತ ಕುಳಿತಳು. ಬಿದ್ದದ್ದು ಯಜಮಾನ ಸಿದ್ದಮಲ್ಲಪ್ಪನವರು ಹೊಗೆಸೊಪ್ಪನ್ನು ಕಾವಿನಲ್ಲಿ ಬೇಯಿಸಿ ಒಣಗಿಸಲು ಕಟ್ಟಿಸುತ್ತಿದ್ದ ಬ್ಯಾರನ್ನಿನ ಗೋಡೆ. ಕಟ್ಟಿದವಳು ಚಿಕ್ಕಿ. ಊರಿನ ಬಾಯಲ್ಲಿ ಮಾತ್ರ ಅದು ಅವಳ ಗಂಡ ನಿಂಗನ ಗೋಡೆ.

ಕಬಿನಿ ಅಣೆಕಟ್ಟಿನ ನೀರು ಕಾಡಿನೊಳಗಿನ ಹಾಡಿಯನ್ನು ನುಂಗಿದ ಮೇಲೆ ಕಂಪಲಾಪುರಕ್ಕೆ ಕೂಲಿಗೆ ಬಂದವರು ಆ ಗಂಡಹೆಂಡತಿ. ನಿಂಗ ಮಣ್ಣಿನ ಗೋಡೆ ಕಟ್ಟುವುದು ಕಲಿತು ಮೇಸ್ತ್ರಿ ಅನ್ನಿಸಿಕೊಂಡ. ಆಮೇಲೆ ಸಾರಾಯಿ ಅವನ ಕೈ ನಡುಗಿಸಿತು. ಕರಣೆ ಚಿಕ್ಕಿಯ ಕೈಗೆ ಬಂತು. ಯಜಮಾನರು ಬರುವುದು ಕಂಡರೆ ನಿಂಗ ಎದ್ದು ಕರಣೆ ಕಸಿದುಕೊಳ್ಳುತ್ತಿದ್ದ, ಅವಳು ಮಣ್ಣಿನ ಮಂಕರಿ ಹೊರುತ್ತಿದ್ದಳು. ಅವಳಿಗೂ ಅದೇ ಸರಿ ಅನ್ನಿಸಿತ್ತು. ಗೋಡೆ ನಿಲ್ಲುವುದು ನಿಂಗನ ಕೈಗುಣದಿಂದ. ತಾನು ಕದ್ದು ಕರಣೆ ಹಿಡಿದವಳು, ಒಂದಲ್ಲ ಒಂದು ದಿನ ಸಿಕ್ಕಿಬೀಳುವವಳು.

ಮಣ್ಣಿನ ಗೋಡೆಗೆ ಒಂದೇ ಕಟ್ಟಳೆ: ದಿನಕ್ಕೊಂದು ಮೊಳ. ಅದು ಆರಿ ಬಿಗಿದ ಮೇಲೆ ಇನ್ನೊಂದು. ಆದರೆ ಹೊಲದಲ್ಲಿ ಸೊಪ್ಪು ಮಾಗಿತ್ತು. "ಇನ್ನೊಂದು ಮೊಳ ಏರಿಸ್ರಲಾ, ಸೊಪ್ಪೇನು ನಿಮ್ಮಪ್ಪನ ಮಾತು ಕೇಳ್ಕಂಡು ಕಾಯ್ತದಾ?" ಎಂದು ಸಿದ್ದಮಲ್ಲಪ್ಪ ಗದರಿಸಿ ಹೋಗಿದ್ದರು. ನಿಂಗ ಹಲ್ಲು ಕಿರಿದಿದ್ದ. ಬೇಡ ಎನ್ನುವ ಮಾತು ಚಿಕ್ಕಿಯ ಗಂಟಲಿಗೆ ಬಂದಿತ್ತು. ಆದರೆ ಅದು ಮೇಸ್ತ್ರಿ ಆಡುವ ಮಾತು. ತಾನು ಯಾರು? ನುಂಗಿಕೊಂಡಳು. ಹಸಿಯ ಮೇಲೆ ಹಸಿ ಏರಿಸಿದಳು.

ಈಗ ಸಿದ್ದಮಲ್ಲಪ್ಪ ಓಡಿಬಂದರು. ಹೆಣ ನೋಡಿದರು, ಗೋಡೆ ನೋಡಿದರು. ಗೋಡೆಯನ್ನೇ ಹೆಚ್ಚು ಹೊತ್ತು ನೋಡಿದರು.

"ಏನ್ಲಾ ನಿಂಗ, ನೀನು ಕಟ್ಟಿದ್ದು ಬೀಳೋದುಂಟೇನ್ಲಾ?"

"ನಾನಲ್ಲ ಬುದ್ಧಿ, ಇವ್ಳು ಕಟ್ಟಿದ್ದು. ಬ್ಯಾಡ ಕಣಮ್ಮಿ ಅಂದೆ, ಕೇಳ್ನಿಲ್ಲ."

ಅವನ ಮುಖಕ್ಕೆ ಉಗಿಯುವವರು ಅಲ್ಲಿ ಯಾರೂ ಇರಲಿಲ್ಲ.

"ಎಂಗ್ಸು ಕರಣೆ ಮುಟ್ಟಿದ್ಲಾ? ಥೂ! ಅದಕ್ಕೇ ಎಣ ಬಿತ್ತು."

ಚಿಕ್ಕಿ ಬೆಳ್ಳಿಯ ತಲೆಯನ್ನು ತೊಡೆಯಿಂದ ಮೆಲ್ಲಗೆ ಇಳಿಸಿ ಎದ್ದಳು.

"ಊ ಬುದ್ಧಿ, ನಾನೇ ಕಟ್ಟಿದ್ದು. ಬ್ಯಾಡ ಅನ್ನಕ್ಕೆ ಬಾಯಿ ಬರ್ನಿಲ್ಲ, ಬೆಳ್ಳಿನ ಕೊಂದೆ. ಆದ್ರೆ ಅಗೋ, ನಿಮ್ಮ ಅಳೇ ಬ್ಯಾರನ್ನು, ಅದೂ ನಾನೇ ಕಟ್ಟಿದ್ದು. ಬೆಟ್ಟದಪುರದಲ್ಲಿ ನಿಮ್ಮ ಭಾವ್ನೋರದೂ ನಾನೇಯ. ಬಿದ್ದಿದ್ದು ನಂದಾದ್ರೆ ನಿಂತಿರೋವೂ ನನ್ನವೇ. ಯೇಳೋ ನಿಂಗ, ಸುಳ್ಳಾ?"

ಗಂಡನ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. 

ಬೆಳ್ಳಿಯನ್ನು ಮಣ್ಣು ಮಾಡಿದ ಮಣ್ಣು ಆರುವ ಮೊದಲೇ ಸಿದ್ದಮಲ್ಲಪ್ಪ ಚಿಕ್ಕಿಗೇ ಹೇಳಿಕಳಿಸಿದರು. ಸೊಪ್ಪಿನ ಕಾಲ, ಬೇರೆ ಮೇಸ್ತ್ರಿ ಸಿಕ್ಕಿರಲಿಲ್ಲ. ಕೂಲಿಯಿಲ್ಲದೆ ಚಿಕ್ಕಿಯ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಹೋದಳು. ಬಿದ್ದ ಮಣ್ಣನ್ನೇ ತುಳಿದು ಕಲಸುವಾಗ ಬೆಳ್ಳಿಯ ಬಳೆಚೂರು ಅಂಗಾಲಿಗೆ ಚುಚ್ಚಿತು. ತೆಗೆದು ಸೆರಗಿಗೆ ಕಟ್ಟಿಕೊಂಡಳು.  ಮತ್ತೆ ಕರಣೆ ಹಿಡಿದು ಕಟ್ಟಿದಳು. ಮೊಣಕೈ ಇಟ್ಟು ಅಳೆದು, ಮೊಳ ಮುಟ್ಟಿದ್ದೇ ಕರಣೆ ತೊಳೆದಳು.

"ಹೊತ್ತು ಇನ್ನೂ ನೆತ್ತಿ ಮೇಲದೆ, ಏರ್ಸಮ್ಮಿ!"

"ಇವತ್ತಿಗೆ ಇಷ್ಟೇ ಬುದ್ಧಿ."

"ಸೊಪ್ಪು ಕೊಳೀತದೆ ಕಣೇ!"

"ಕೊಳೀಲಿ."

ಸಿದ್ದಮಲ್ಲಪ್ಪ ಬೈಯುತ್ತಲೇ ಇದ್ದರು. ನಿಂಗ ಕರಣೆಗೆ ಕೈಚಾಚಿದ. ಅವಳು ಕೊಡಲಿಲ್ಲ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಸಿ ಗೋಡೆಯ ಪಕ್ಕ ಯಾರೂ ಹಾಯದಂತೆ ಮುಳ್ಳುಕಂಟಿ ಎಳೆದು ಅಡ್ಡ ಹಾಕತೊಡಗಿದಳು.