ಗೇಟಿನ ಮೇಡಂ

ಗಂಟೆ ಇವತ್ತೂ ಒಂದು ನಿಮಿಷ ತಡ, ಆಯಾಳ ಕೈ ನೋಯುತ್ತಿರಬೇಕು, ಎರಡೇಟು ಜೋರಾಗಿ ಬಿದ್ದು ಮೂರನೆಯದು ಸುಮ್ಮನೆ ತಾಗಿದಂತೆ ಕೇಳಿತು, ಅಷ್ಟರಲ್ಲೇ ಕಾರಿಡಾರಿನಲ್ಲಿ ಮಕ್ಕಳ ದಡಬಡ, ಓಡಬೇಡ್ರೋ ಎಂದು ಯಾರೋ ಟೀಚರು ಕೂಗುತ್ತಿದ್ದಾರೆ, ಓಡದೆ ಇನ್ನೇನ್ ಮಾಡ್ತಾವೆ ಬಿಡ್ರೀ, ಬಿದ್ರೆ ಎದ್ದೇಳ್ತಾವೆ — ಇದು ಆಗ ಈ ಶಾಲೆ ನಡೆಸುತ್ತಿದ್ದ ದೊಡ್ಡ ಮೇಡಂ ಮಾತು, ಇಪ್ಪತ್ತಾರು ವರ್ಷ ಹಳೆಯದು, ಈಗಲೂ ಇದೇ ಬಾಗಿಲಲ್ಲಿ ನಿಂತು ಹೇಳಿದ ಹಾಗೆ. ಅವಳು ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಮುಖ್ಯೋಪಾಧ್ಯಾಯಿನಿಯಾಗಿ ಈ ಕುರ್ಚಿಯಲ್ಲಿ ಕೂತು ಇವತ್ತಿಗೆ ಹತ್ತೊಂಬತ್ತು ದಿನ, ಎದುರಿಗೆ ಟೈಪಾಗಿ ಬಂದ ಕಾಗದ, ಕರ್ತವ್ಯಲೋಪಕ್ಕೆ ಕಾರಣ ಕೇಳುವ ನೋಟಿಸು, ಕೆಳಗೆ ಅವಳ ಸಹಿ ಬಿದ್ದರೆ ಸಾಕು, ಒಂದನೇ ತರಗತಿಯ ಹೊಸ ಟೀಚರ ಕೆಲಸಕ್ಕೆ ಕುತ್ತು, ಇನ್ನೂ ಖಾಯಂ ಆಗದ ಹುಡುಗಿ. ನಿನ್ನೆ ಸಂಜೆ ಮಕ್ಕಳನ್ನು ಮನೆಯವರ ಕೈಗೆ ಒಪ್ಪಿಸುವ ಹೊತ್ತಿನಲ್ಲಿ ಆ ಹುಡುಗಿ ಫೋನು ಕಿವಿಗಿಟ್ಟುಕೊಂಡು ಆಚೆ ತಿರುಗಿದ್ದಾಳೆ, ಆರು ವರ್ಷದ ಹೆಣ್ಣುಮಗುವೊಂದು ಗೇಟು ದಾಟಿ ತನ್ನ ಪಾಡಿಗೆ ತಾನು ಹೊರಟುಹೋಗಿದೆ, ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ತಿರುವಿನ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ, ಖಾಲಿ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸುತ್ತ, ನಗುತ್ತ. ಮಗು ನಗುತ್ತಿತ್ತು, ಪುಣ್ಯ. ತಾಯಿ ನಗುತ್ತಿರಲಿಲ್ಲ. ಆ ತಾಯಿ ಈಗ ಹೊರಗಿನ ಬೆಂಚಿನ ಮೇಲಿದ್ದಾಳೆ, ಹೊಸ ಟೀಚರು ಗೋಡೆಗೆ ಒರಗಿ ನಿಂತಿದ್ದಾಳೆ, ನಡುವೆ ನಾಲ್ಕು ಮಾರು ನೆಲ, ಇಬ್ಬರೂ ಅದನ್ನೇ ನೋಡುತ್ತಿದ್ದಾರೆ.

ದೊಡ್ಡ ಮೇಡಂ ಈ ಕುರ್ಚಿಯಲ್ಲಿ ಕೂತದ್ದನ್ನು ನೋಡಿದ ನೆನಪೇ ಇಲ್ಲ, ಇದರ ಮೇಲೆ ಯಾವಾಗಲೂ ಕಾಪಿ ಪುಸ್ತಕಗಳ ರಾಶಿ, ಅವರಿದ್ದದ್ದು ಗೇಟಿನಲ್ಲಿ, ಬೆಳಿಗ್ಗೆ ಎಂಟರಿಂದ, ಚಳಿಯಿರಲಿ ಬಿಸಿಲಿರಲಿ, ನಾನೂರು ಮಕ್ಕಳ ನಾನೂರು ಹೆಸರು ಬಾಯಲ್ಲಿ, ಯಾವ ಮಗುವಿಗೆ ಹಲ್ಲು ಬಿತ್ತು, ಯಾವ ಮನೆಯಲ್ಲಿ ಹೊಸ ಪಾಪು ಬಂತು, ಎಲ್ಲ ಗೊತ್ತು, ಮಕ್ಕಳು ಹಿಂದಿನಿಂದ ಗೇಟು ಮೇಡಂ ಎನ್ನುತ್ತಿದ್ದವು, ಅವರಿಗೂ ಗೊತ್ತಿತ್ತು, ಗೇಟು ತುಕ್ಕು ಹಿಡಿಯುತ್ತೆ ಕಣ್ರೋ, ನನಗೆ ಹಿಡಿಯಲ್ಲ. ಟೀಚರು ರಜೆ ಹಾಕಿದರೆ ಆ ತರಗತಿಗೆ ತಾವೇ ಹೋಗಿ ಅಪಸ್ವರದಲ್ಲಿ ಹಾಡುತ್ತಿದ್ದರು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಮೀಟಿಂಗಿನಲ್ಲಿ ಎಲ್ಲರೂ ಮಾತಾಡಿದ ಮೇಲೆ ಆಯಾ ಕಡೆ ತಿರುಗಿ, ನೀನೇನಂತೀಯಮ್ಮ, ಎಲ್ಲರಿಗಿಂತ ಜಾಸ್ತಿ ಮಕ್ಕಳನ್ನ ನೋಡೋಳು ನೀನು. ಇವರಿಗೆ ಸ್ವಲ್ಪವೂ ಗತ್ತಿಲ್ಲ ಎಂದುಕೊಂಡಿದ್ದಳು ಆಗ ಅವಳು, ಇಪ್ಪತ್ತಮೂರರ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಎಲ್ಲ ತಿಳಿದವಳ ಹಾಗೆ — ಅದೇ ತಿಂಗಳು ಓದುವ ಕೋಣೆಗೆ ಬೀಗ ಹಾಕಿಕೊಂಡು ಹೊರಟುಬಿಟ್ಟಿದ್ದಳು, ಒಳಗೆ ಹಿಂದಿನ ಕಪಾಟಿನ ಮರೆಯಲ್ಲಿ ಒಂದು ಮಗು ನಿದ್ದೆ ಹೋಗಿತ್ತು, ಕತ್ತಲಾದ ಮೇಲಷ್ಟೇ ಸಿಕ್ಕಿತ್ತು. ಮರುದಿನ ಆ ಮಗುವಿನ ಅಪ್ಪ ಮೇಜು ಗುದ್ದಿ ಯಾರ್ರೀ ಆ ಟೀಚರು ಎಂದಾಗ ದೊಡ್ಡ ಮೇಡಂ, ಅವರನ್ನ ಬೇಗ ಕಳಿಸಿದ್ದು ನಾನು, ಕೋಣೆ ನೋಡಬೇಕಾದೋಳೂ ನಾನೇ, ಬೈಯೋದಿದ್ರೆ ನನ್ನನ್ನ ಬೈಯಿರಿ. ಯಾರೂ ಅವಳನ್ನು ಬೇಗ ಕಳಿಸಿರಲಿಲ್ಲ. ಆತ ಬೈದ, ಹೊಟ್ಟೆ ತುಂಬ ಬೈದ, ದೊಡ್ಡ ಮೇಡಂ ನಿಂತು ಕೇಳಿಸಿಕೊಂಡರು. ಆತ ಹೋದ ಮೇಲೆ ಅವಳು ಅತ್ತಳು, ನೀವೂ ಬೈಯಿರಿ ಮೇಡಂ. ಬೈದ್ರೆ ನಿನಗೆ ಹಗುರ ಆಗಿಬಿಡುತ್ತೆ, ಅಷ್ಟು ಸಲೀಸಾಗಿ ಬಿಡಲ್ಲ ನಿನ್ನ, ಹೋಗು, ಆ ಮಗು ಹತ್ರ ಏನು ಮಾತಾಡ್ತೀಯೋ ಯೋಚನೆ ಮಾಡು.

ಅವಳು ಎದ್ದು ತಾನೇ ಬಾಗಿಲು ತೆರೆದಳು, ಮೊದಲು ಆ ಹುಡುಗಿಯನ್ನು ಒಳಗೆ ಕರೆದಳು. ನಿನ್ನೆ ಯಾರದಮ್ಮ ಫೋನು, ಮನೆಯಲ್ಲೇನಾದ್ರೂ ತೊಂದರೆಯಾ? ಹೌದು ಎಂದುಬಿಡಲಿ, ಎಷ್ಟು ಸುಲಭವಾಗುತ್ತಿತ್ತು. ಹುಡುಗಿ ತಲೆಯೆತ್ತಿದಳು, ಗೆಳತಿದು ಮೇಡಂ, ಸುಮ್ನೆ ಹರಟೆ, ಅಂಥದ್ದೇನೂ ಇರ್ಲಿಲ್ಲ, ನೋಟಿಸ್ ಕೊಡಿ, ತಗೋತೀನಿ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ — ಇವಳಿಂದ ಇನ್ನು ಮೇಲೆ ಒಂದು ಮಗುವೂ ತಪ್ಪಿಹೋಗುವುದಿಲ್ಲ ಎಂದು ಅವಳಿಗೆ ಯಾಕೋ ಖಚಿತವಾಗಿ ಅನಿಸಿತು. ಇಲ್ಲೇ ನಿಂತಿರು. ತಾಯಿಯನ್ನು ಒಳಗೆ ಕರೆದು ಕುರ್ಚಿ ಎಳೆದುಕೊಟ್ಟಳು, ತಪ್ಪು ಇವರದೂ ಹೌದಮ್ಮ, ಇವರಿಗಿಂತ ನನ್ನದು ದೊಡ್ಡದು, ನಾನು ಈ ಕುರ್ಚಿಗೆ ಬಂದು ಹತ್ತೊಂಬತ್ತು ದಿನ ಆಯ್ತು, ಒಂದು ಸಂಜೇನೂ ಗೇಟಿಗೆ ಹೋಗಿ ನಿಂತಿಲ್ಲ. ತಾಯಿ ಕೂರಲಿಲ್ಲ, ಹೀಗಂದುಬಿಟ್ರೆ ಆಗೋಯ್ತಾ ಮೇಡಂ, ಆ ಅರ್ಧ ಗಂಟೆ ನನಗೆ ಹೇಗಾಗಿರಬೇಡ? ಆಗೋಯ್ತು ಅಂತ ನಾನೂ ಹೇಳಲ್ಲ, ಇವತ್ತಿಂದ ಗೇಟಲ್ಲಿ ನಾವಿಬ್ಬರೂ ಇರ್ತೀವಿ, ಬಂದು ನೋಡಿ. ಬರ್ತೀನಿ, ದಿನಾ ಬರ್ತೀನಿ, ನೋಡೇ ನೋಡ್ತೀನಿ. ತಾಯಿಯ ದನಿ ಇಳಿದಿರಲಿಲ್ಲ, ಆದರೂ ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಅವಳು ನೋಟಿಸನ್ನು ಮಡಚಿ ಕಸದ ಬುಟ್ಟಿಗೆ ಹಾಕಿದಳು, ಹುಡುಗಿ ಏನೋ ಹೇಳಲು ಬಾಯಿ ತೆರೆದಳು, ಈಗ ಬೇಡ, ತರಗತಿಗೆ ನಡಿ, ಮಕ್ಕಳು ಕಾಯ್ತಿವೆ.

ದೊಡ್ಡ ಮೇಡಂ ಇದನ್ನೆಲ್ಲ ಯಾರಿಂದ ಕಲಿತರೋ, ಕೇಳಲಿಲ್ಲ, ಕೇಳಬಹುದಾದಾಗ ಕೇಳುವ ಬುದ್ಧಿ ಬರಲಿಲ್ಲ, ಅವರೀಗ ಇಲ್ಲ. ಅಂದು, ದೊಡ್ಡ ಮೇಡಂ ಬೈಸಿಕೊಂಡ ಆ ದಿನದ ಸಂಜೆ, ಅವಳು ಕೊಡೆ ಮರೆತು ವಾಪಸು ಬಂದಿದ್ದಳು, ಶಾಲೆ ಖಾಲಿ, ಮೂರನೇ ತರಗತಿಯ ಬಾಗಿಲು ತೆರೆದಿತ್ತು, ಇಣುಕಿದಳು — ಅಂದಿನಿಂದ ಎಷ್ಟು ಸಲ ಇದು ಕಣ್ಣ ಮುಂದೆ ಬಂದಿದೆಯೋ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ನಿದ್ದೆ ಹತ್ತುವ ಮುಂಚೆ, ಈಗಲೂ ಬರುತ್ತಿದೆ, ಮುಂದಕ್ಕೆ ಹೋಗುವುದಿಲ್ಲ — ಐವತ್ತೆಂಟರ ದೊಡ್ಡ ಮೇಡಂ, ಮೆಟ್ಟಿಲು ಹತ್ತಲೂ ಉಸ್ಸೆನ್ನುತ್ತಿದ್ದ ಆ ಮಂಡಿಗಳನ್ನು ನೆಲಕ್ಕೂರಿ, ಒಂದು ಕೈಯಲ್ಲಿ ಜಾರುವ ಕನ್ನಡಕ ಹಿಡಿದು, ಒಂದೊಂದೇ ಬೆಂಚಿನ ಕೆಳಗೆ ಬಗ್ಗಿ ನೋಡುತ್ತ, ಖಾಲಿ ಕೋಣೆಗೆ ಮೆಲ್ಲಗೆ, ಯಾರಾದ್ರೂ ಇದ್ದೀರಾ ಮರೀ, ಯಾರಾದ್ರೂ ಇದ್ದೀರಾ